ಅಭ್ಯಾಸ ಪುಸ್ತಕದ ನೆರೆಮನೆಯಾತ

ಸುದ್ದಿ ಬಂದ ಬೆಳಿಗ್ಗೆ ಹಿರಿಯ ಮೇಷ್ಟ್ರು ತಮ್ಮನ ಮೇಲೆ ಮುನಿಸಿಕೊಂಡು ಕೂತಿದ್ದರು. ದೂರದ ಊರಿನಲ್ಲಿ ಇಂಗ್ಲಿಷ್ ಅಧ್ಯಾಪಕರ ಸಮ್ಮೇಳನವೊಂದಿತ್ತು. ಅದನ್ನು ಉದ್ಘಾಟಿಸಲು ತಮ್ಮನಿಗೆ ಕರೆ ಬಂದಿತ್ತು, ಇವರಿಗೆ ಬಂದಿರಲಿಲ್ಲ. ಹಿಂದಿನ ದಿನ ಹೊರಡುವ ಮುಂಚೆ ತಮ್ಮ, ಎರಡು ಮನೆಗಳ ನಡುವಿನ ಗೋಡೆಯ ಚಿಕ್ಕ ಗೇಟು ತೆರೆದುಕೊಂಡು ಬಂದು, "ಅಣ್ಣ, ಹೋಗಿ ಬರ್ತೀನಿ. ನೀನೂ ಜೊತೆಗಿದ್ರೆ ಚೆನ್ನಾಗಿರ್ತಿತ್ತು," ಎಂದಿದ್ದ.

"ನಿನ್ನ ಹಿಂದೆ ಹಿಂದೆ ಬರೋಕೆ ನಾನೇನು ನಿನ್ನ ಸೂಟ್‌ಕೇಸಾ?" ಎಂದು ಇವರು ಪತ್ರಿಕೆಯಿಂದ ತಲೆ ಎತ್ತದೆ ಹೇಳಿದ್ದರು. ತಮ್ಮ ನಕ್ಕು ಹೋಗಿದ್ದ. ಆ ನಗು ಇವರ ಕಿವಿಯಲ್ಲಿ ರಾತ್ರಿಯೆಲ್ಲ ಕೊರೆದಿತ್ತು. ಬೆಳಿಗ್ಗೆ ಎದ್ದು, ದಿನವೂ ಪ್ರಾರ್ಥನೆಗೆ ಕೂರುವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ದೇವರ ಮುಂದೆಯೂ ಅದನ್ನೇ ಮೆಲುಕು ಹಾಕುತ್ತಿದ್ದರು.

ಗೇಟು ಕಿರ್ರೆಂದಿತು. ತಮ್ಮನ ಮಗಳು ಬರಿಗಾಲಿನಲ್ಲಿ ಬಂದು ಬಾಗಿಲಲ್ಲೇ ನಿಂತಳು. ಕೈಯಲ್ಲಿ ಫೋನು ಇನ್ನೂ ಮಾತಾಡುತ್ತಿತ್ತು. ಅದನ್ನು ಕಿವಿಗಿಡಬೇಕೆಂಬುದೂ ಅವಳಿಗೆ ತೋಚಿರಲಿಲ್ಲ.

"ದೊಡ್ಡಪ್ಪ, ಅಪ್ಪನ್ನ ಎಬ್ಬಿಸೋಕೆ ಹೋದ್ರಂತೆ. ಅತಿಥಿಗೃಹದವರು. ಕಾಫಿ ತಗೊಂಡು ಹೋದ್ರಂತೆ. ಅಪ್ಪ ಏಳಲಿಲ್ವಂತೆ," ಎಂದಳು. ಒಳಗಿನಿಂದ ಓಡಿ ಬಂದ ಹಿರಿಯ ಮೇಷ್ಟ್ರ ಹೆಂಡತಿ ಹುಡುಗಿಯನ್ನು ಬಾಚಿ ತಬ್ಬಿಕೊಂಡರು.

ಆ ಹೊತ್ತಿನಲ್ಲಿ ಹಿರಿಯ ಮೇಷ್ಟ್ರ ಮನಸ್ಸಿನಲ್ಲಿ ಮೊದಲು ಹೊಳೆದದ್ದು ಇದು: ಇದರಲ್ಲೂ ನನ್ನನ್ನು ಹಿಂದೆ ಹಾಕಿ ಹೋಗಿಬಿಟ್ಟ.

ಹೊಳೆದ ಮರುಕ್ಷಣವೇ ಅವರು ಬೆವತುಹೋದರು. ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಸುತ್ತ ನೋಡಿದರು. ಹೆಂಗಸರಿಬ್ಬರೂ ಅಳುತ್ತಿದ್ದರು. ಕೇಳಿಸಿಕೊಳ್ಳಬೇಕಾದವನು ಮಾತ್ರ ಕೇಳಿಸಿಕೊಂಡಿದ್ದಾನೆ ಎಂದು ಅವರಿಗೆ ಗೊತ್ತಿತ್ತು.

ಅಣ್ಣತಮ್ಮಂದಿರಿಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿ, ಒಂದೇ ವಿಭಾಗದಲ್ಲಿ, ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಅವರು ಹಿರಿಯ ಮೇಷ್ಟ್ರು ಮತ್ತು ಕಿರಿಯ ಮೇಷ್ಟ್ರು. ಇಬ್ಬರೂ ಸೇರಿ ಒಂದು ಅಭ್ಯಾಸ ಪುಸ್ತಕ ಮಾಡಿದ್ದರು. ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ಬೀಗುವ ಹುಡುಗ ಹುಡುಗಿಯರ ಬೆವರಿಳಿಸುವ ಪುಸ್ತಕ ಅದು. ಹೆಚ್ಚುಕಡಿಮೆ ಒಂದೇ ಅರ್ಥದ ನಾಲ್ಕು ಪದ ಕೊಟ್ಟು ಸರಿಯಾದ ಒಂದನ್ನು ಆರಿಸು ಎನ್ನುವುದು, ವಾಕ್ಯದ ನಡುವೆ ಖಾಲಿ ಬಿಟ್ಟು ಕ್ರಿಯಾಪದದ ತಕ್ಕ ರೂಪ ತುಂಬು ಎನ್ನುವುದು, ಒಂದು ವಾಕ್ಯವನ್ನು ಅರ್ಥ ಕೆಡದಂತೆ ತಿರುಗಿಸಿ ಬರೆ ಎನ್ನುವುದು. ಹೊಸ ಹೊಸ ಮುದ್ರಣ ಕಂಡು, ಆ ಪುಸ್ತಕ ಎರಡು ತಲೆಮಾರಿನ ಕೈಯಲ್ಲಿ ಸವೆದಿತ್ತು.

ಕೆಲಸವನ್ನು ಅವರು ಹಂಚಿಕೊಂಡಿದ್ದರು. ವಾಕ್ಯ ಕಟ್ಟುವುದು ತಮ್ಮನದು, ಪರೀಕ್ಷಿಸುವುದು ಅಣ್ಣನದು. ಭಾನುವಾರದ ಬೆಳಿಗ್ಗೆ ಅಣ್ಣನ ಊಟದ ಮೇಜಿನ ಎರಡು ತುದಿಗೆ ಕೂರುತ್ತಿದ್ದರು. ತಮ್ಮ ವಾರವೆಲ್ಲ ಬರೆದ ಹಾಳೆಗಳನ್ನು ಮೇಜಿನ ಮೇಲೆ ಜಾರಿಸುತ್ತಿದ್ದ. ಅಣ್ಣ ಕೆಂಪು ಪೆನ್ಸಿಲು ಚೂಪು ಮಾಡಿಕೊಂಡು ಒಂದು ರಟ್ಟನ್ನು ತೆಗೆಯುತ್ತಿದ್ದರು.

ಆ ರಟ್ಟು ಅವರದೇ ಉಪಾಯ. ಅಂಗೈಯಗಲದ ದಪ್ಪ ಕಾಗದದ ನಡುವೆ ಒಂದು ಕಿಂಡಿ ಕೊರೆದಿದ್ದರು. ಕಿಂಡಿಯಲ್ಲಿ ಒಂದೆರಡು ಪದ ಮಾತ್ರ ಕಾಣುತ್ತಿತ್ತು, ಉಳಿದ ವಾಕ್ಯ ರಟ್ಟಿನಡಿ ಅಡಗಿರುತ್ತಿತ್ತು. ಅದನ್ನು ಸಾಲಿನುದ್ದಕ್ಕೂ ಇರುವೆಯಂತೆ ಸರಿಸುತ್ತ, ಪ್ರತಿಯೊಂದು ಪದವನ್ನು ಅದರ ಪಕ್ಕದ ಪದದ ಜೊತೆ ತಾಳೆ ನೋಡುತ್ತಿದ್ದರು. "ಅರ್ಥ ಕಣ್ಣನ್ನ ಓಡಿಸುತ್ತೆ," ಎನ್ನುತ್ತಿದ್ದರು. "ಓಡೋ ಕಣ್ಣಿಗೆ ತಪ್ಪು ಕಾಣೋದಿಲ್ಲ. ಅರ್ಥ ನೀನು ನೋಡ್ಕೋ, ರಚನೆ ನನಗೆ ಬಿಡು." ನಿಜಕ್ಕೂ ಆ ಪುಸ್ತಕದಲ್ಲಿ ಯಾರಿಗೂ ಒಂದು ತಪ್ಪು ಸಿಗಲಿಲ್ಲ. ಆದರೆ ತಪ್ಪು ಇಲ್ಲದಿರುವುದಕ್ಕೆ ಯಾರು ತಾನೇ ಚಪ್ಪಾಳೆ ತಟ್ಟುತ್ತಾರೆ?

ಚಪ್ಪಾಳೆಯೆಲ್ಲ ವಾಕ್ಯಗಳಿಗೆ. ಹೆಚ್ಚಿನ ವಾಕ್ಯಗಳಲ್ಲಿ ಒಬ್ಬನೇ ಮನುಷ್ಯ ಬರುತ್ತಿದ್ದ. ಅವನಿಗೆ ಹೆಸರಿಲ್ಲ. "ನನ್ನ ನೆರೆಮನೆಯಾತ" ಅಷ್ಟೇ. ನೆರೆಮನೆಯಾತ ಬಸ್ಸು ತಪ್ಪಿಸಿಕೊಂಡ, ನೆರೆಮನೆಯಾತ ನಾಯಿಯ ಜೊತೆ ಜಗಳವಾಡಿದ, ನೆರೆಮನೆಯಾತನಿಗೆ ಕೊಡೆ ಸಿಗಲಿಲ್ಲ. ಅವನ ಪಾಡನ್ನು ಹುಡುಗರು ಧಾರಾವಾಹಿಯಂತೆ ಹಿಂಬಾಲಿಸುತ್ತಿದ್ದರು. ಮೊಗಸಾಲೆಯಲ್ಲಿ ಅವನ ವಾಕ್ಯಗಳನ್ನು ಹೇಳಿ ನಗುತ್ತಿದ್ದರು. ಹಿರಿಯ ಮೇಷ್ಟ್ರು ಹತ್ತಿರ ಬಂದರೆ ನಗು ತಟ್ಟನೆ ನಿಲ್ಲುತ್ತಿತ್ತು. ನನ್ನನ್ನು ಕಂಡರೆ ಇವರಿಗೆ ಬೇಸರ, ಅವನನ್ನು ಕಂಡರೆ ಹಬ್ಬ ಎಂದು ಅವರು ಒಳಗೊಳಗೇ ಬೇಯುತ್ತಿದ್ದರು.

ಮತ್ತೊಂದು ಮುಳ್ಳು ಹೆಸರಿನದು. ಮೊದಲ ಮುದ್ರಣದ ಹೊತ್ತಿಗೆ ತಮ್ಮ ಕೇಳಿದ್ದ, "ಅಣ್ಣ, ಮುಖಪುಟದಲ್ಲಿ ಯಾರ ಹೆಸರು ಮೊದಲು ಹಾಕೋಣ?" "ನಿಂದೇ ಹಾಕು," ಎಂದಿದ್ದರು ಇವರು. ಛೇ, ಅದು ಹೇಗಾಗುತ್ತೆ, ನೀನು ದೊಡ್ಡವನು ಎಂದು ಅವನು ಅನ್ನುತ್ತಾನೆಂದು ಕಾದಿದ್ದರು. ಅವನು "ಆಯ್ತು" ಎಂದ. ಆ ಒಂದು "ಆಯ್ತು" ಇವರ ಎದೆಯಲ್ಲಿ ಇಷ್ಟು ವರ್ಷ ಬಾಡಿಗೆ ಕೊಡದೆ ವಾಸವಾಗಿತ್ತು.

ಕಳೇಬರ ತಮ್ಮನ ಮನೆಗೆ ಬಂದ ದಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋರ್ಟಿನಿಂದ ಬಂದವರು, ಬ್ಯಾಂಕಿನಿಂದ ಬಂದವರು, ಕೈಗೂಸನ್ನು ಎತ್ತಿಕೊಂಡು ಬಂದವರು, ತಲೆ ನೆರೆತವರು, ಎಲ್ಲರೂ ಹಳೆಯ ವಿದ್ಯಾರ್ಥಿಗಳೇ. ಹಿರಿಯ ಮೇಷ್ಟ್ರು ಜಗಲಿಯ ಕಂಬಕ್ಕೆ ಒರಗಿ ನಿಂತು, ನಾನು ಹೋದಾಗ ಇದರಲ್ಲಿ ಎಷ್ಟು ಮುಖ ಬಂದೀತು ಎಂದು ಲೆಕ್ಕ ಹಾಕುತ್ತಿದ್ದರು. ಲೆಕ್ಕ ಹಾಕುವುದು ಬೇಡವೆಂದುಕೊಂಡಷ್ಟೂ ಕಣ್ಣು ತಾನಾಗಿ ಸಾಲು ಹಿಡಿಯುತ್ತಿತ್ತು.

ಬಂದವರು ಒಬ್ಬೊಬ್ಬರಾಗಿ ಅವರ ಕೈ ಹಿಡಿದುಕೊಂಡರು. ಹಿಡಿದವರು ಬೇಗ ಬಿಡಲಿಲ್ಲ. ಕಣ್ಣೀರಿನ ನಡುವೆ ಅವರ ಮುಖ ನೋಡಿ ಒಂದು ಬಗೆಯಾಗಿ ನಗುತ್ತಿದ್ದರು. ಇದು ಕನಿಕರ ಎಂದು ಹಿರಿಯ ಮೇಷ್ಟ್ರು ತೀರ್ಮಾನಿಸಿದರು. ಎರಡನೆಯ ಹೆಸರಿನವನ ಮೇಲೆ ತೋರಿಸುವ ಕನಿಕರ.

ವಕೀಲನಾಗಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಗಂಟಲು ಸರಿಮಾಡಿಕೊಂಡು, ಪುಸ್ತಕದ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಹೇಳಿದ. ಬಸ್ಸು ಬರುವಷ್ಟರಲ್ಲಿ ನನ್ನ ನೆರೆಮನೆಯಾತ ಬೀಗ ಎಳೆದು ನೋಡಲು ಮೂರು ಸಲ ಮನೆಗೆ ಹೋಗಿ ಬಂದಿದ್ದ, ಎಂದು ಅದರ ಅರ್ಥ. ಹೇಳಿ ಮುಗಿಸಿ, "ಸರ್, ಮನೆಗೆ ಬೀಗ ಹಾಕಿದ್ದೀರಾ?" ಎಂದು ಮೆಲ್ಲಗೆ ಕೇಳಿದ. ಪಕ್ಕದಲ್ಲಿದ್ದವರು ಅಳುತ್ತಲೇ ನಕ್ಕರು.

ಹಿರಿಯ ಮೇಷ್ಟ್ರ ಕಿವಿ ಎಂದಿನಂತೆ ಕ್ರಿಯಾಪದದ ಮೇಲಿತ್ತು. ಭೂತಕಾಲಕ್ಕೂ ಹಿಂದಿನ ಭೂತಕಾಲ, ಆರನೆಯ ಪಾಠ, ಸರಿಯಾಗಿಯೇ ಹೇಳಿದ್ದಾನೆ ಎಂದುಕೊಂಡರು. ಪ್ರಶ್ನೆ ಮಾತ್ರ ಅವರಿಗೆ ಒರಟಾಗಿ ಕಂಡಿತು. ತಮ್ಮನ ಕಳೇಬರ ಮನೆಯಲ್ಲಿರುವಾಗ ಬೀಗದ ಮಾತೇ? "ಹಾಕಿದ್ದೀನಿ," ಎಂದು ಗಂಟುಮುಖ ಮಾಡಿಕೊಂಡು ಹೇಳಿದರು. ಆದರೂ ಒಮ್ಮೆ ಅನುಮಾನ ಬಂದು, ಗೇಟು ದಾಟಿ ಹೋಗಿ ಬೀಗ ಎಳೆದು ನೋಡಿ ಬಂದರು. ಹಿಂದಿನಿಂದ ಯಾರೋ ಬಿಕ್ಕಿದ ಸದ್ದಾಯಿತು.

ಅಂತ್ಯಕ್ರಿಯೆ ಮುಗಿಯಿತು. ನೆಂಟರು ಹೊರಟುಹೋದರು. ಹಿರಿಯ ಮೇಷ್ಟ್ರಿಗೆ ಒಂದು ಕಷ್ಟ ಹಿಡಿದುಕೊಂಡಿತು, ಅದನ್ನು ಅವರು ಯಾರಿಗೂ ಹೇಳಲಿಲ್ಲ. ಬುದ್ಧಿ ಬಂದಾಗಿನಿಂದ ಅವರು ಬೆಳಗಿನ ಪ್ರಾರ್ಥನೆ ತಪ್ಪಿಸಿದವರಲ್ಲ. ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿ, ಕೈ ಜೋಡಿಸಿ, ಇರುವವರಿಗೆ ಒಳಿತನ್ನೂ ಹೋದವರಿಗೆ ಶಾಂತಿಯನ್ನೂ ಬೇಡುವುದು ರೂಢಿ. ಅಪ್ಪನ ಹೆಸರು ಬರುತ್ತಿತ್ತು, ಅಮ್ಮನ ಹೆಸರು ಬರುತ್ತಿತ್ತು. ತಮ್ಮನ ಹೆಸರಿನ ಹತ್ತಿರ ಬಂದಾಗ ನಾಲಗೆ ಮೊಂಡು ಹಿಡಿಯುತ್ತಿತ್ತು. ಅವನ ಆತ್ಮಕ್ಕೆ ಎಂದು ಶುರುಮಾಡಿದರೆ, ಅವನಿಗೆ ಇನ್ನೂ ಏನು ಬೇಕಂತೆ ಎಂದು ಒಳಗಿನಿಂದ ಒಂದು ಧ್ವನಿ ಕೇಳುತ್ತಿತ್ತು. ದೇವರ ಮುಂದೆ ಸುಳ್ಳು ಹೇಳುವುದು ಅವರಿಗೆ ಗೊತ್ತಿರಲಿಲ್ಲ. ಎದ್ದುಬಿಡುತ್ತಿದ್ದರು.

"ಏನ್ರೀ, ಇತ್ತೀಚೆಗೆ ದೇವರ ಜೊತೆ ಮಾತು ಕಡಿಮೆ ಆಗಿದೆ?" ಎಂದು ಹೆಂಡತಿ ಕೇಳಿದರು.

"ಸೊಂಟ ನೋವು," ಎಂದರು.

ಸಂಕಟವೆಂದರೆ ಅವರಿಗೆ ದುಃಖವಿರಲಿಲ್ಲವೆಂದಲ್ಲ. ಭಾನುವಾರ ಬಂದರೆ ಮೇಜಿನ ಆ ತುದಿಯ ಕುರ್ಚಿಯನ್ನು ನೋಡಲಾಗುತ್ತಿರಲಿಲ್ಲ. ಆದರೆ ದುಃಖ ಬಾಗಿಲಿಗೆ ಬರುವಾಗಲೆಲ್ಲ ಹೊಟ್ಟೆಕಿಚ್ಚು ಮುಂದೆ ಬಂದು ಅಗುಳಿ ಹಾಕುತ್ತಿತ್ತು. ಹೀಗೇ ಸತ್ತುಹೋದರೆ ಅಲ್ಲಿ ಅವನ ಮುಖ ಹೇಗೆ ನೋಡಲಿ ಎಂಬ ಭಯ ಅವರನ್ನು ಹಗಲಲ್ಲೂ ಹಿಡಿಯುತ್ತಿತ್ತು.

ಹೀಗಿರುವಾಗ ಒಂದು ಸಂಜೆ ವಿಭಾಗದ ಮುಖ್ಯಸ್ಥೆ ಮನೆಗೆ ಬಂದರು. ಆಕೆಯೂ ಹಿಂದೆ ಇಬ್ಬರ ಬಳಿಯೂ ಓದಿದವರೇ. ಕೈಯಲ್ಲಿ ಅಭ್ಯಾಸ ಪುಸ್ತಕದ ಬಿಡಿ ಹಾಳೆಗಳ ಕಟ್ಟಿತ್ತು.

"ಸರ್, ಹೊಸ ಮುದ್ರಣ ತರಬೇಕು ಅಂತಿದೀವಿ. ಟೆಲಿಗ್ರಾಂ, ಟೈಪ್‌ರೈಟರ್ ಅಂತೆಲ್ಲ ಇರೋ ಹಳೇ ವಾಕ್ಯ ಈಗಿನ ಮಕ್ಕಳಿಗೆ ಗೊತ್ತಾಗಲ್ಲ. ಯಾವುದು ತೆಗೀಬೇಕು, ಯಾವುದು ಸೇರಿಸ್ಬೇಕು ಅಂತ ನೀವೇ ನೋಡಿಕೊಡಿ. ನಿಮ್ಮ ಮಾತೇ ಕೊನೇ ಮಾತು," ಎಂದರು.

"ನನ್ನ ಮಾತು?"

"ಹೌದು ಸರ್. ಮತ್ತೆ, ಮುಖಪುಟದಲ್ಲಿ ಕಿರಿಯ ಮೇಷ್ಟ್ರ ಫೋಟೋ ಹಾಕೋಣ ಅಂತ. ನೆನಪಿಗೆ."

ಹಿರಿಯ ಮೇಷ್ಟ್ರು ಚಹಾದ ಲೋಟವನ್ನು ಜೋಪಾನವಾಗಿ ಕೆಳಗಿಟ್ಟರು. "ಹಾಕಿ. ಅವನ ಮುಖ ಫೋಟೋದಲ್ಲಿ ಚೆನ್ನಾಗಿ ಬೀಳುತ್ತೆ," ಎಂದರು. ಅಷ್ಟು ಹೇಳುವುದರಲ್ಲಿ ಅವರ ಕಿವಿ ಬಿಸಿಯಾಗಿಹೋಗಿತ್ತು.

ಮರುದಿನದಿಂದ ಅವರು ಮೇಜಿಗೆ ಕೂತರು. ತಮ್ಮ ಜಾಗದಲ್ಲಲ್ಲ, ಆ ತುದಿಯ ಕುರ್ಚಿಯಲ್ಲಿ, ತಮ್ಮನ ಜಾಗದಲ್ಲಿ. ಕೂತು ನೋಡಿದರೆ ಆ ಕುರ್ಚಿಯಿಂದ ತಾವು ಭಾನುವಾರ ಕೂರುತ್ತಿದ್ದ ಜಾಗ ನೇರವಾಗಿ ಕಾಣುತ್ತಿತ್ತು. ಅದರ ಹಿಂದಿನ ಕಿಟಕಿಯಿಂದ ಬರುವ ಬೆಳಕೂ ಅಲ್ಲಿಗೇ ಬೀಳುತ್ತಿತ್ತು. ಇದನ್ನು ಗಮನಿಸಿದರೇ ಹೊರತು ಅದರ ಬಗ್ಗೆ ಏನೂ ಯೋಚಿಸಲಿಲ್ಲ.

ರಟ್ಟು ತೆಗೆದರು. ಪೆನ್ಸಿಲು ಚೂಪು ಮಾಡಿದರು. ಟೆಲಿಗ್ರಾಂ ಹೋಯಿತು, ಟೈಪ್‌ರೈಟರ್ ಹೋಯಿತು. ಆಮೇಲೆ ಕಿಂಡಿಯಲ್ಲಿ "ನೆರೆಮನೆಯಾತ" ಎಂಬ ಪದ ಕಂಡಿತು. ಪೆನ್ಸಿಲು ಒಂದು ಗಳಿಗೆ ನಿಂತಿತು.

ಈ ಮನುಷ್ಯನಿಂದಲೇ ಅಲ್ಲವೇ ಎಲ್ಲ? ಜಗಲಿಯ ಮುಂದೆ ನಿಂತು ಅಷ್ಟು ಜನ ಹೇಳಿಕೊಂಡು ಅತ್ತದ್ದು ಇವನ ಮಾತುಗಳನ್ನೇ. ಇವನು ಇಲ್ಲದಿದ್ದರೆ ಪುಸ್ತಕ ಪುಸ್ತಕವಾಗಿ ನಿಲ್ಲುತ್ತದೆ. ರಚನೆಯೇ ಎದ್ದು ಕಾಣುತ್ತದೆ. ಹಿರಿಯ ಮೇಷ್ಟ್ರು ರಟ್ಟನ್ನು ಒತ್ತಿ ಹಿಡಿದು, ಅದರ ಅಂಚಿಗೆ ಪೆನ್ಸಿಲಿಟ್ಟು ನೇರವಾದ ಗೆರೆ ಎಳೆದರು. ಗೆರೆ ಎಳೆದಾಗ ಒಳಗೆ ತಂಪಾಯಿತು. ಎರಡನೆಯದನ್ನೂ ಹೊಡೆದರು. ನೆರೆಮನೆಯಾತ ಕಂಡಲ್ಲೆಲ್ಲ ಗೆರೆ ಬಿತ್ತು. ವಾಕ್ಯ ಪೂರ್ತಿ ಓದುವ ಗೋಜಿಗೂ ಹೋಗಲಿಲ್ಲ, ಪದ ಕಂಡರೆ ಸಾಕಾಗಿತ್ತು.

ಹೊಡೆದ ಜಾಗಕ್ಕೆ ತಮ್ಮದೇ ವಾಕ್ಯ ಬರೆದರು. ಸಮಿತಿಯು ವರದಿಯನ್ನು ಪರಿಶೀಲಿಸಿತ್ತು. ಸಮಿತಿಯು ವರದಿಯನ್ನು ಪರಿಶೀಲಿಸದಿದ್ದರೆ ಕಾಮಗಾರಿ ಆರಂಭವಾಗುತ್ತಿರಲಿಲ್ಲ. ಕಾಮಗಾರಿ ಆರಂಭವಾಗುವಷ್ಟರಲ್ಲಿ ಸಮಿತಿಯು ವಿಸರ್ಜನೆಯಾಗಿತ್ತು. ಒಂದೊಂದೂ ಕಬ್ಬಿಣದ ಪೆಟ್ಟಿಗೆಯಂತೆ ಗಟ್ಟಿ. ಹೆಂಡತಿಯನ್ನು ಕರೆದು ಕನ್ನಡದಲ್ಲಿ ಅರ್ಥ ಹೇಳಿ ತೋರಿಸಿದರು.

"ಯಾರ್ರೀ ಈ ಸಮಿತಿ?" ಎಂದರು ಹೆಂಡತಿ.

"ಯಾರೂ ಅಲ್ಲ. ಬರೀ ವಾಕ್ಯ."

"ಹಾಗಾದ್ರೆ ವಿಸರ್ಜನೆ ಆಗಿದ್ದೇ ಒಳ್ಳೇದಾಯ್ತು," ಎಂದು ಹೇಳಿ ಅವರು ಒಲೆಯ ಕಡೆ ಹೋದರು.

ಹಾಳೆಗಳನ್ನು ಒಯ್ಯಲು ತಮ್ಮನ ಮಗಳು ಬಂದಳು. ಅವಳು ಈಗ ಅದೇ ವಿಭಾಗದಲ್ಲಿ ಅದೇ ಪುಸ್ತಕ ಕಲಿಸುತ್ತಿದ್ದಳು. ನಿಂತೇ ಹಾಳೆ ತಿರುವಿದಳು. ಒಂದು ತಿರುವಿದಳು, ಇನ್ನೊಂದು ತಿರುವಿದಳು. ಕುರ್ಚಿ ಎಳೆದುಕೊಂಡು ಕೂತಳು.

"ದೊಡ್ಡಪ್ಪ, ಇದೇನಿದು?"

"ಹಳೇದು ತೆಗೆದೆ. ನನಗೆ ಅಧಿಕಾರ ಕೊಟ್ಟಿದ್ದಾರೆ."

"ಅದಲ್ಲ. ನೀವು ನಿಮ್ಮನ್ನೇ ಹೊಡೆದು ಹಾಕಿದ್ದೀರಲ್ಲ."

"ನಾನೆಲ್ಲಿದ್ದೀನಿ ಅದರಲ್ಲಿ? ನನ್ನ ಹೆಸರು ಮುಖಪುಟದಲ್ಲಿದೆ, ಎರಡನೇದಾಗಿ," ಎಂದರು.

ಹುಡುಗಿ ಅವರನ್ನೇ ದಿಟ್ಟಿಸಿದಳು. ಅವರು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಿಮಗೆ ಗೊತ್ತೇ ಇಲ್ವಾ? ನಿಜವಾಗ್ಲೂ?" ಎಂದಳು. "ದೊಡ್ಡಪ್ಪ, ನಮ್ಮ ನೆರೆಮನೆ ಯಾವುದು?"

"ಈ ಮನೆ. ಅದಕ್ಕೇನೀಗ?"

"ಈ ಮನೇಲಿ ಇರೋರು ಯಾರು?"

ಹಿರಿಯ ಮೇಷ್ಟ್ರು, "ಸುಮ್ನಿರು. ಅವನು ಯಾರೋ ಅರೆಮರುಳು. ಬೀಗ ಎಳೀತಾನೆ, ನಾಯಿ ಜೊತೆ ಮಾತಾಡ್ತಾನೆ," ಎಂದರು.

"ನೀವು ಬೀಗ ಎಳೆಯಲ್ವಾ?"

"ಎಳೀದೆ ಇರೋರು ಯಾರು? ಅದು ಜವಾಬ್ದಾರಿ."

ಹುಡುಗಿ ಎದ್ದು ಬಂದು ಅವರ ಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದಳು. ಮುಚ್ಚಳ ತೆರೆದು ಮೇಜಿನ ಮೇಲೆ ಬೋರಲು ಹಾಕಿದಳು. ಎರಡು ಸೀಮೆಸುಣ್ಣ ಉರುಳಿದವು. ನಿವೃತ್ತರಾಗಿ ಇಷ್ಟು ಕಾಲವಾದರೂ ಅವರು ಅದನ್ನು ಬಿಟ್ಟಿರಲಿಲ್ಲ. ತರಗತಿಯ ಸೀಮೆಸುಣ್ಣ ಒದ್ದೆಯಾಗಿರುತ್ತದೆ ಎಂದು ಅವರಿಗೆ ಸದಾ ಅನುಮಾನ.

"ಒಂಬತ್ತನೇ ಪಾಠದ ಮೊದಲನೇ ವಾಕ್ಯ," ಎಂದಳು ಅವಳು. "ಸೀಮೆಸುಣ್ಣವನ್ನ ಕನ್ನಡಕದ ಪೆಟ್ಟಿಗೇಲಿ ಇಡೋ ನೆರೆಮನೆಯಾತ ಕನ್ನಡಕವನ್ನ ಎಲ್ಲಿಡ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ಅದನ್ನ ಕಲಿಸೋ ದಿನ ನನ್ನ ಕ್ಲಾಸಲ್ಲಿ ಹುಡುಗರು ಕೇಳ್ತಾರೆ, ಮೇಡಂ, ಅವರು ಈಗ ಹೇಗಿದ್ದಾರೆ ಅಂತ. ನಿಮ್ಮನ್ನ ನೋಡೇ ಇಲ್ಲದೋರು."

ಒಲೆಯ ಕಡೆಯಿಂದ ಹೆಂಡತಿಯ ಧ್ವನಿ ಬಂತು. "ಅದು ಇಡೀ ಊರಿಗೇ ಗೊತ್ತಿರೋ ವಿಷ್ಯ. ಇಂಗ್ಲಿಷ್ ಬರದೇ ಇರೋ ನನಗೂ ಗೊತ್ತು. ಭಾನುವಾರ ಹೋಗುವಾಗ ಮೈದುನ ನನಗೆ ಅರ್ಥ ಹೇಳಿಯೇ ಹೋಗ್ತಿದ್ದ, ಅತ್ತಿಗೆ, ಈ ವಾರ ಅಣ್ಣನ ಕೊಡೆ ಬರೆದಿದ್ದೀನಿ ಅಂತ."

ಹಿರಿಯ ಮೇಷ್ಟ್ರ ಮುಖ ಕೆಂಪಾಯಿತು. ಕನಿಕರವೆಂದುಕೊಂಡಿದ್ದ ಆ ನಗುಗಳೆಲ್ಲ, ಮೊಗಸಾಲೆಯಲ್ಲಿ ತಟ್ಟನೆ ನಿಲ್ಲುತ್ತಿದ್ದ ಆ ನಗುಗಳೆಲ್ಲ, ಒಟ್ಟಿಗೆ ಮೈಮೇಲೆ ಬಂದಂತಾಯಿತು. ಮೊದಲು ಬಂದದ್ದು ಪ್ರೀತಿಯಲ್ಲ, ಕೋಪ.

"ಅಂದ್ರೆ ನನ್ನನ್ನ ಗೇಲಿ ಮಾಡಿ ಹೆಸರು ಮಾಡ್ಕೊಂಡ. ನನ್ನ ಬೀಗ, ನನ್ನ ನಾಯಿ, ನನ್ನ ಕೊಡೆ. ಕೊನೆಗೆ ಬದುಕೂ ಅವನದೇ ಆಯ್ತು. ನನಗೆ ತಿದ್ದೋಕೆ ಅಲ್ಪವಿರಾಮ ಬಿಟ್ಟ," ಎಂದರು.

"ಗೇಲಿಯೋ ಏನೋ ನೀವೇ ನೋಡಿ," ಎಂದಳು ಹುಡುಗಿ. ಅವಳ ಧ್ವನಿಯೂ ಗಟ್ಟಿಯಾಗಿತ್ತು. "ಹೇಳಿಬಿಡಪ್ಪ ಅಂತ ನಾನು ಎಷ್ಟು ಸಲ ಅಂದೆ. ಹೇಳಿದ್ರೆ ಎಲ್ಲ ತೆಗೆಸಿಬಿಡ್ತಾನೆ ಅಂತಿದ್ರು. ಒಂದು ದಿನ ಆ ರಟ್ಟು ಬದಿಗಿಟ್ಟು ತಾನೇ ಓದ್ತಾನೆ, ಅವತ್ತು ಈ ಗೇಟು ಮುರಿದುಕೊಂಡು ಜಗಳಕ್ಕೆ ಬರ್ತಾನೆ, ನೋಡ್ತಾ ಇರು ಅಂತಿದ್ರು. ಅಪ್ಪ ಆ ಜಗಳಕ್ಕೆ ಕಾಯ್ತಾ ಇದ್ರು, ದೊಡ್ಡಪ್ಪ."

ಹಾಳೆಗಳನ್ನು ಅಲ್ಲೇ ಬಿಟ್ಟು, ರಟ್ಟನ್ನು ಮಾತ್ರ ಎತ್ತಿಕೊಂಡು ಅವಳು ಹೊರಟುಹೋದಳು. ಗೇಟು ಕಿರ್ರೆಂದಿತು.

ಮಧ್ಯಾಹ್ನದ ಬಿಸಿಲು ಮೇಜಿನ ಆ ತುದಿಯಿಂದ ಈ ತುದಿಗೆ ಬಂತು. ಓದಬಾರದೆಂದೇ ಹಿರಿಯ ಮೇಷ್ಟ್ರು ನಿಶ್ಚಯಿಸಿದ್ದರು. ಆದರೆ ಎದುರಿಗೆ ಅಕ್ಷರ ಬಿದ್ದಿದ್ದರೆ ಓದದಿರುವುದು ಮೇಷ್ಟ್ರಾದವರಿಗೆ ಆಗದ ಕೆಲಸ. ಕಣ್ಣು ಮೊದಲ ಸಾಲಿಗೆ ಹೋಯಿತು. ತಡೆಯಲು ರಟ್ಟಿರಲಿಲ್ಲ. ಅರ್ಥ ಕಣ್ಣನ್ನು ಓಡಿಸಿಕೊಂಡು ಹೋಯಿತು.

ನೆರೆಮನೆಯಾತ ನಾಯಿಯನ್ನು ಗದರಿಸಿದ. ಆಮೇಲೆ ಬೀದಿಯಲ್ಲಿ ಯಾರೂ ಇಲ್ಲವೆಂದು ಖಚಿತವಾದ ಮೇಲೆ ಅದರ ಕ್ಷಮೆ ಕೇಳಿದ. ಇದನ್ನು ಅವನು ಎಲ್ಲಿಂದ ನೋಡಿದ? ಮಹಡಿಯ ಕಿಟಕಿಯಿಂದಲೇ ಇರಬೇಕು. ಬೀಗದ ವಾಕ್ಯ ಬಂತು. ಮೂರು ಸಲ ಹೋಗಿ ಬಂದಿದ್ದ ಎಂದಿತ್ತು. ಶುದ್ಧ ಸುಳ್ಳು, ಎಂದೂ ಎರಡು ಸಲಕ್ಕಿಂತ ಹೆಚ್ಚು ಹೋದದ್ದಿಲ್ಲ. ಪೆನ್ಸಿಲು ತಾನಾಗಿ ಮೇಲೆದ್ದಿತು. ಅವರು ಅದನ್ನು ಕೆಳಗಿಟ್ಟರು. ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದದೆ ಬಿಟ್ಟದ್ದು ಅವರ ಜೀವಮಾನದಲ್ಲೇ ಅದು ಮೊದಲು.

ವೈದ್ಯರು ಬರುವ ಹೊತ್ತಿಗೆ ನೆರೆಮನೆಯಾತ ಮಗುವಿನ ಹಾಸಿಗೆಯ ಪಕ್ಕ ಎಷ್ಟು ಹೊತ್ತು ಕೂತಿದ್ದನೆಂದರೆ, ಎದ್ದು ನಿಲ್ಲಲು ಅವನು ಗೋಡೆ ಹಿಡಿಯಬೇಕಾಯಿತು. ಆ ಮಗು ಈಗಷ್ಟೇ ರಟ್ಟು ಕಿತ್ತುಕೊಂಡು ಹೋದವಳು. ಅವಳಿಗೆ ಜ್ವರ ನೆತ್ತಿಗೇರಿದ್ದ ದಿನ ವೈದ್ಯರನ್ನು ಕರೆತರಲು ತಮ್ಮ ಓಡಿದ್ದ. ವಾಪಸು ಬಂದವನು ಮಗುವನ್ನಷ್ಟೇ ನೋಡಿದನೆಂದು ಇವರು ತಿಳಿದಿದ್ದರು. ಗೋಡೆ ಹಿಡಿದ ಇವರ ಕೈಯನ್ನೂ ಅವನು ನೋಡಿದ್ದ.

ಹನ್ನೆರಡನೆಯ ಪಾಠ, ನಡೆಯದೆ ಹೋದ ಸಂಗತಿಗಳ ಪಾಠ. ಹೀಗಾಗದಿದ್ದರೆ ಹಾಗಾಗುತ್ತಿರಲಿಲ್ಲ ಎನ್ನುವ ವಾಕ್ಯಗಳು. ಅದರ ಕೊನೆಯಲ್ಲಿ ಇತ್ತು: ನನ್ನ ನೆರೆಮನೆಯಾತ ಆ ಬೆಳಿಗ್ಗೆ ತನ್ನ ಬೂಟುಗಳನ್ನು ನನಗೆ ತೊಡಿಸಿ, ಮುಂಭಾಗಕ್ಕೆ ಕಾಗದ ತುರುಕಿ, ತಾನು ಹಳೆಯ ಚಪ್ಪಲಿಯಲ್ಲಿ ಕೆಲಸಕ್ಕೆ ಹೋಗದಿದ್ದರೆ, ನಾನು ಈ ಪುಸ್ತಕ ಬರೆಯುತ್ತಲೇ ಇರಲಿಲ್ಲ.

ಹಿರಿಯ ಮೇಷ್ಟ್ರು ಆ ವಾಕ್ಯವನ್ನು ಮತ್ತೆ ಓದಿದರು. ತಮ್ಮನ ಮೊದಲ ಸಂದರ್ಶನದ ದಿನ. ಮನೆಯಲ್ಲಿ ಇದ್ದದ್ದು ಒಂದೇ ಜೊತೆ ಒಳ್ಳೆಯ ಬೂಟು. ಅವನ ಪಾದ ಚಿಕ್ಕದು, ನಡೆದರೆ ಟಪಟಪ ಎನ್ನುತ್ತಿತ್ತು. ಇವರು ಮೊಣಕಾಲೂರಿ ಕೂತು ಪತ್ರಿಕೆ ಹರಿದು ತುರುಕಿ ಲಾಡಿ ಬಿಗಿದಿದ್ದರು. ಅಷ್ಟು ಸಣ್ಣ ಸಂಗತಿಯನ್ನು ಇವರು ಮರೆತೇಬಿಟ್ಟಿದ್ದರು.

ಈ ವಾಕ್ಯ ಬಂದ ಭಾನುವಾರ ಮಾತ್ರ ಈಗ ನೆನಪಾಯಿತು. ಹಾಳೆ ಜಾರಿಸಿ ತಮ್ಮ ಎಂದಿನಂತೆ ಕಿಟಕಿಯ ಕಡೆ ನೋಡಲಿಲ್ಲ, ಇವರ ಮುಖವನ್ನೇ ನೋಡುತ್ತ ಕೂತಿದ್ದ. ಇವರು ರಟ್ಟು ಸರಿಸಿ, ಸರಿಸಿ, ಸಾಲಿನ ತುದಿ ಮುಟ್ಟಿ, "ಇಲ್ಲೊಂದು ಅಲ್ಪವಿರಾಮ ಬೇಕು," ಎಂದಿದ್ದರು.

"ಅಷ್ಟೇನಾ ಅಣ್ಣ?" ಎಂದು ಅವನು ಕೇಳಿದ್ದ.

"ಅಷ್ಟೇ. ಬೇರೆಲ್ಲ ಸರಿಯಾಗಿದೆ."

"ಹಾಗಾದ್ರೆ ಹಾಕಿಬಿಡು," ಎಂದು ತಮ್ಮ ನಕ್ಕಿದ್ದ. ಅದೇ ನಗು. ಹೊರಡುವ ದಿನ ಸೂಟ್‌ಕೇಸಿನ ಮಾತಿಗೆ ನಕ್ಕ ಅದೇ ನಗು.

ಅಲ್ಪವಿರಾಮ ಇನ್ನೂ ಅಲ್ಲೇ ಇತ್ತು. ಅದರ ಮೇಲೆ ತಾವೇ ಎಳೆದ ಕೆಂಪು ಗೆರೆ ಇತ್ತು.

ಅಚ್ಚಿನ ಕೆಲಸದಲ್ಲಿ, ಹೊಡೆದ ಸಾಲನ್ನು ಉಳಿಸಬೇಕಾದರೆ ಅದರ ಕೆಳಗೆ ಚುಕ್ಕೆಗಳ ಸಾಲು ಇಡುವುದು ರೂಢಿ. ಹಿರಿಯ ಮೇಷ್ಟ್ರು ಪೆನ್ಸಿಲು ಹಿಡಿದರು. ಅಂಚು ಹಿಡಿಯಲು ರಟ್ಟಿಲ್ಲದೆ ಚುಕ್ಕೆಗಳು ನೇರವಾಗಿ ಬೀಳಲಿಲ್ಲ. ಬೂಟಿನ ಕೆಳಗೆ ಚುಕ್ಕೆ ಇಟ್ಟರು, ಜ್ವರದ ಕೆಳಗೆ ಇಟ್ಟರು, ನಾಯಿಯ ಕೆಳಗೆ, ಕೊಡೆಯ ಕೆಳಗೆ, ಮೂರು ಸಲವೆಂಬ ಆ ಸುಳ್ಳಿನ ಕೆಳಗೆ. ಸಮಿತಿಯನ್ನು ಇನ್ನೊಮ್ಮೆ ವಿಸರ್ಜಿಸಿದರು. ಹೆಂಡತಿ ದೀಪ ಹಾಕಲು ಬಂದವರು ಅವರ ಮುಖ ನೋಡಿ, ಸ್ವಿಚ್ಚು ಒತ್ತಿ ಹೋದರು.

ಹೊಟ್ಟೆಕಿಚ್ಚು ಪೂರ್ತಿ ಹೋಯಿತೆಂದು ಹೇಳಿದರೆ ಅದು ಸುಳ್ಳಾದೀತು. ಒಂದು ಎಳೆ ಉಳಿದಿತ್ತು, ಅದು ಬೇರೆ ಬಣ್ಣದ್ದು. ತಮ್ಮ ಅಷ್ಟು ವರ್ಷ ಮೇಜಿನ ಆ ತುದಿಯಿಂದ ತನ್ನ ಅಣ್ಣನನ್ನು ನೋಡಿದ್ದ. ಅಣ್ಣನಾದವನು ಕಿಂಡಿಯಲ್ಲಿ ಒಂದೆರಡು ಪದ ನೋಡಿದ್ದ. ನೋಡುವುದರಲ್ಲಿಯೂ ಅವನೇ ಮುಂದೆ. ಅವನ ಹೆಸರು ಮೊದಲು ಇರುವುದೇ ಸರಿ, ಅವನ ಫೋಟೋ ಮುಖಪುಟದಲ್ಲಿ ಇರುವುದೇ ಸರಿ ಎಂದು ಅವರಿಗೆ ಮೊದಲ ಬಾರಿಗೆ ಅನಿಸಿತು. ಅನಿಸಿದ್ದು ನೋಯಿಸಿತು, ಆದರೂ ಅದು ಸರಿ.

ಮರುದಿನ ಬೆಳಕು ಹರಿಯುವಾಗ ಅವರು ಹಾಳೆಗಳ ಕಟ್ಟು ಹಿಡಿದು ಗೇಟಿನವರೆಗೆ ಹೋದರು. ಆಚೆ ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಜಗಳಕ್ಕೆಂದು ಒಬ್ಬ ಕಾದಿದ್ದ ಮನೆ. ಮುರಿಯಲು ಬಂದ ಗೇಟಿನ ಮೇಲೆ ಕೈಯಿಟ್ಟು ಅವರು ನಿಂತುಕೊಂಡರು. ಆಮೇಲೆ ಹಿಂದಿರುಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಕೈ ಜೋಡಿಸಿದರು. ಅಪ್ಪನ ಹೆಸರು ಬಂತು, ಅಮ್ಮನ ಹೆಸರು ಬಂತು. ತಮ್ಮನ ಹೆಸರು ಬಂದಾಗ ನಾಲಗೆ ತಡೆಯಲಿಲ್ಲ. ಮೆಲ್ಲನೆ ಬೇಡಿಕೊಂಡರು:

"ದೇವರೇ, ನನ್ನ ತಮ್ಮ ನಿನ್ನ ಹತ್ತಿರ ಬಂದಿದ್ದಾನೆ. ನನಗಿಂತ ಮೊದಲು ಬಂದ, ಬರಲಿ. ಅವನ ಪಾದ ಚಿಕ್ಕದು, ನನ್ನ ಬೂಟು ದೊಡ್ಡದು, ಬಹಳ ದೂರ ನಡೆದು ದಣಿದಿದ್ದಾನೆ. ಅವನನ್ನು ಕೂರಿಸಿ ಲಾಡಿ ಬಿಚ್ಚು. ಅವನ ಆತ್ಮಕ್ಕೆ ಶಾಂತಿ ಕೊಡು."